ಓವರ್‌ಡ್ರೈವ್ ಕೈಕೊಟ್ಟರೆ ಗೇರ್‌ಬಾಕ್ಸ್ ಇಳಿಸೋದು ಕಡೇ ಮಾತು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ದೊಡ್ಡಪ್ಪ ಇಂಗ್ಲೆಂಡಿನಿಂದ ತಂದಿದ್ದ 1971ರ ಎಂಜಿಬಿ ಕಾರು ಈಗ ನನ್ನ ಪಾಲಿಗೆ ಬಂದಿದೆ. ನಾಲ್ಕು ಗೇರ್, ಜೊತೆಗೆ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ಸುತ್ತುವಂತೆ ಸ್ವಿಚ್ಚಿನಿಂದ ಹಾಕುವ ಹೆಚ್ಚುವರಿ ಗೇರ್). ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ದೀಪಾವಳಿಗೆ ಹೊರಗೆ ತೆಗೆದಾಗಿನಿಂದ ಓವರ್‌ಡ್ರೈವ್ ಸರಿ ಇಲ್ಲ. ಬೆಳಗ್ಗೆ ತಡವಾಗಿ ಹಿಡಿಯುತ್ತದೆ. ಅರ್ಧ ಗಂಟೆ ಓಡಿದ ಮೇಲೆ ತಾನಾಗೇ ಬಿಟ್ಟುಹೋಗುತ್ತದೆ. ಹೊಂಡಕ್ಕೆ ಇಳಿದು ಹತ್ತಿದರೆ ಒಮ್ಮೊಮ್ಮೆ ಬಂದು ಹೋಗುತ್ತದೆ. ಒಂದು ಸಲ ಸ್ವಿಚ್ ಆಫ್ ಮಾಡಿದರೂ ಬಿಡಲಿಲ್ಲ, ಸ್ವಲ್ಪ ದೂರ ಹೋದ ಮೇಲೆ ಬಿಟ್ಟಿತು. ಹೋದ ವರ್ಷ ಸರ್ವೀಸ್ ಮಾಡಿಸಿದಾಗ ಗೇರ್‌ಬಾಕ್ಸ್‌ಗೆ 90 ಆಯಿಲ್ (ದಪ್ಪ ಗೇರ್ ಆಯಿಲ್) ಹಾಕಿ, ಗೇರ್ ನುಣ್ಣಗೆ ಬೀಳುತ್ತೆ ಅಂತ ಒಂದು ಬಾಟಲಿ ಅಡಿಟಿವ್ ಕೂಡ ಸುರಿದಿದ್ದರು. ಈಗ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುತ್ತಿದ್ದಾರೆ. ಇಳಿಸಬೇಕಾ?

ಉತ್ತರ: ಈಗಲೇ ಬೇಡ. ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಂದ ಇಳಿಸಲು ಆಗುವುದಿಲ್ಲ. ಎಂಜಿನ್ ಸಮೇತ ಮುಂದಿನಿಂದ ಎತ್ತಬೇಕು. ರೇಡಿಯೇಟರ್, ಕಾರ್ಬುರೇಟರ್, ಎಕ್ಸಾಸ್ಟ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಬಿಚ್ಚಬೇಕು. ಅಷ್ಟೆಲ್ಲ ಮಾಡಿದ ಮೇಲೆ ತಪ್ಪು ಒಂದು ಹಳದಿ ತಂತಿಯಲ್ಲಿತ್ತು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ನೀವು ಬರೆದಿರುವ ಲಕ್ಷಣ ನೋಡಿದರೆ ಒಂದಲ್ಲ, ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ ಅನ್ನಿಸುತ್ತದೆ. ಒಂದು ಎಣ್ಣೆಯದು, ಇನ್ನೊಂದು ಕರೆಂಟಿನದು. ಎರಡನ್ನೂ ಕಾರಿನ ಕೆಳಗೆ ಮಲಗಿಯೇ ನೋಡಬಹುದು.

ಅದಕ್ಕೆ ಮೊದಲು ಒಂದು ಎಚ್ಚರಿಕೆ. ಸ್ವಿಚ್ ಆಫ್ ಮಾಡಿದರೂ ಬಿಡಲಿಲ್ಲ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ತಂದ ಮಾತು ಅದೊಂದೇ. ಓವರ್‌ಡ್ರೈವ್ ಸಿಕ್ಕಿಕೊಂಡಿರುವಾಗ ಯಾವ ಕಾರಣಕ್ಕೂ ರಿವರ್ಸ್ ಹಾಕಬೇಡಿ. ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ ಇದೆ. ಓವರ್‌ಡ್ರೈವ್ ಹಿಡಿದಿರುವಾಗ ಹಿಂದಕ್ಕೆ ಎಳೆದರೆ ಅದು ಒಂದು ಕಡೆ ಜಗ್ಗುತ್ತದೆ, ಗೇರುಗಳು ಇನ್ನೊಂದು ಕಡೆ ಜಗ್ಗುತ್ತವೆ. ರೋಲರ್ ಕ್ಲಚ್ ಒಡೆಯುತ್ತದೆ, ಕೆಲವೊಮ್ಮೆ ಹೊರಗಿನ ಕೇಸಿಂಗೂ ಸೀಳುತ್ತದೆ. ಆಗ ಮಾತ್ರ ಮೆಕ್ಯಾನಿಕ್ ಹೇಳಿದ್ದೇ ಗತಿ. ಕೈಯಲ್ಲಿ ಹಿಂದಕ್ಕೆ ತಳ್ಳುವುದೂ ಬೇಡ. ಬಿಟ್ಟಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಮುಂದಕ್ಕೇ ಓಡಿಸಿ ಮನೆ ಸೇರಿ, ಹಿಂದೆ ತೆಗೆಯುವ ಕೆಲಸ ಇಲ್ಲದ ಕಡೆ ನಿಲ್ಲಿಸಿ. ನಮ್ಮ ಕಡೆ ಮನೆ ಅಂಗಳಕ್ಕೆ ಕಾರು ಇಳಿಸಿ ರಿವರ್ಸ್‌ನಲ್ಲೇ ಮೇಲೆ ಹತ್ತಿಸುವುದು ಮಾಮೂಲು. ಈ ಕಾರಿಗೆ ಸದ್ಯಕ್ಕೆ ಅದು ಬೇಡ.

ಬಿಟ್ಟಿದೆ ಅಂತ ತಿಳಿಯೋದು ಹೇಗೆ? ಆರ್‌ಪಿಎಂ ಮುಳ್ಳು ನೋಡಿ. ನಿಮ್ಮ ಕಾರಿನ ಸ್ಪೀಡೋಮೀಟರ್ ಮೈಲಿಯಲ್ಲಿರುತ್ತದೆ. 50 ಮೈಲಿ, ಅಂದರೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 2,800 ಸುತ್ತಬೇಕು. ಓವರ್‌ಡ್ರೈವ್ ಹಿಡಿದರೆ ಸುಮಾರು 2,300ಕ್ಕೆ ಇಳಿಯಬೇಕು. ಮಂಡಗದ್ದೆ ದಾಟಿ ಗಾಜನೂರು ಕಡೆ ಹೋಗುವಾಗ ಎಲ್ಲಾದರೂ ರಸ್ತೆ ನೆಟ್ಟಗೆ ಸಿಕ್ಕಲ್ಲಿ, ಹಿಂದೆ ಬಸ್ಸು ಇಲ್ಲದಾಗ ನೋಡಿ. ಕಿವಿಯ ಮೇಲೆ ಭರವಸೆ ಇಡಬೇಡಿ. ಈ ಕಾರಿನ ಎಕ್ಸಾಸ್ಟ್ ಸದ್ದಿನಲ್ಲಿ 500 ಸುತ್ತು ಕಮ್ಮಿಯಾದದ್ದು ಎಲ್ಲರಿಗೂ ಗೊತ್ತಾಗುವುದಿಲ್ಲ.

ಇನ್ನು ಇದು ಕೆಲಸ ಮಾಡುವ ಬಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಪರೀಕ್ಷೆಗಳು ಯಾಕೆ ಅಂತ ತಿಳಿಯುವುದಿಲ್ಲ. ಈಗಿನ ಕಾರುಗಳಲ್ಲಿ ಐದನೇ ಗೇರೇ ಓವರ್‌ಡ್ರೈವ್. ನಿಮ್ಮದು ಹಾಗಲ್ಲ. ಗೇರ್‌ಬಾಕ್ಸಿನ ಹಿಂದೆ ಬೇರೆಯೇ ಒಂದು ಘಟಕ ಜೋಡಿಸಿದ್ದಾರೆ. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರ್ ರೂಪಿಸಿದ್ದು, ಶೆಫೀಲ್ಡಿನ ಲೇಕಾಕ್ ಕಂಪನಿ ತಯಾರಿಸಿದ್ದು. ಎಂಜಿಬಿಗೆ ಮೊದಲು ಡಿ ಟೈಪ್ ಬರುತ್ತಿತ್ತು, ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ರಿಂಗು) ಬಂದ ಮೇಲೆ ಎಲ್‌ಎಚ್ ಟೈಪ್. ನಿಮ್ಮ ವರ್ಷದ ಕಾರಿಗೆ ಎಲ್‌ಎಚ್.

ಅದರೊಳಗೆ ಒಂದು ಸನ್ ಗೇರ್, ಅದರ ಸುತ್ತ ಪ್ಲಾನೆಟ್ ಗೇರುಗಳು, ಹೊರಗೆ ಒಂದು ರಿಂಗ್ ಗೇರ್. ಗೇರ್‌ಬಾಕ್ಸಿನ ಶಾಫ್ಟಿನಿಂದಲೇ ಓಡುವ ಚಿಕ್ಕ ಪಂಪು ಚದರ ಇಂಚಿಗೆ ಸುಮಾರು 400 ಪೌಂಡ್ ಒತ್ತಡದಲ್ಲಿ ಎಣ್ಣೆ ತಳ್ಳುತ್ತದೆ. ನೀವು ಸ್ವಿಚ್ ಹಾಕಿದಾಗ ಸಾಲಿನಾಯ್ಡ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ಸುರುಳಿ, ಒಂದು ವಾಲ್ವ್ ಆಡಿಸುತ್ತದೆ. ಎಣ್ಣೆ ಎರಡು ಪಿಸ್ಟನ್‌ಗಳನ್ನು ತಳ್ಳುತ್ತದೆ. ಅವು ಶಂಕುವಿನ ಆಕಾರದ ಒಂದು ಕ್ಲಚ್ಚನ್ನು ಸ್ಪ್ರಿಂಗ್‌ಗಳ ವಿರುದ್ಧ ಸರಿಸಿ ಬ್ರೇಕ್ ರಿಂಗಿಗೆ ಒತ್ತುತ್ತವೆ. ಸನ್ ಗೇರ್ ನಿಂತುಬಿಡುತ್ತದೆ. ಆಗ ಹಿಂದಿನ ಶಾಫ್ಟ್ ಮುಂದಿನದಕ್ಕಿಂತ ಜೋರಾಗಿ ತಿರುಗುತ್ತದೆ. ಸ್ವಿಚ್ ತೆಗೆದರೆ ಸ್ಪ್ರಿಂಗ್‌ಗಳು ಕ್ಲಚ್ಚನ್ನು ವಾಪಸ್ ತಳ್ಳುತ್ತವೆ. ಕರೆಂಟು, ಎಣ್ಣೆಯ ಒತ್ತಡ, ಕ್ಲಚ್ಚಿನ ಹಿಡಿತ, ಈ ಮೂರೂ ಬೇಕು. ಮೊದಲ ಎರಡು ಹೊರಗಿನಿಂದ ಸಿಗುತ್ತವೆ, ಮೂರನೆಯದು ಮಾತ್ರ ಒಳಗಿದೆ. ಹುಡುಕುವ ಕ್ರಮವೂ ಅದೇ ಆಗಬೇಕು, ಅಲ್ವಾ?

ಈಗ ಎಣ್ಣೆಗೆ ಬರೋಣ. ನಿಮ್ಮ ಗೇರ್‌ಬಾಕ್ಸೂ ಓವರ್‌ಡ್ರೈವೂ ಒಂದೇ ಎಣ್ಣೆ ಹಂಚಿಕೊಳ್ಳುತ್ತವೆ. ಎಂಜಿಬಿ ಪುಸ್ತಕದಲ್ಲಿ ಅದಕ್ಕೆ ಎಂಜಿನ್ ಆಯಿಲನ್ನೇ ಹಾಕಲು ಹೇಳಿದೆ, 20ಡಬ್ಲ್ಯು-50. ಗೇರ್‌ಬಾಕ್ಸ್ ಅಂದ ಕೂಡಲೇ ನಮ್ಮ ಗ್ಯಾರೇಜುಗಳಲ್ಲಿ ಕೈ 90ರ ಡಬ್ಬಕ್ಕೇ ಹೋಗುತ್ತದೆ. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಇದೇ ಲೇಕಾಕ್ ಓವರ್‌ಡ್ರೈವ್ ಇರುವ ಟ್ರಯಂಫ್ ಕಾರುಗಳಿಗೆ ಕಂಪನಿಯೇ 90 ಹಾಕಲು ಹೇಳಿತ್ತು. ಹಾಗಾಗಿ 90 ಬಿದ್ದ ಮಾತ್ರಕ್ಕೆ ನಿಮ್ಮ ಗೇರ್‌ಬಾಕ್ಸ್ ಹಾಳಾಗಿಲ್ಲ. ಆದರೆ ನವೆಂಬರ್, ಡಿಸೆಂಬರ್ ಬೆಳಗಿನ ಚಳಿಗೆ ಅದು ದಪ್ಪಗಾಗಿ ನಿಧಾನವಾಗಿ ಹರಿಯುತ್ತದೆ. ಬೆಳಗ್ಗೆ ತಡವಾಗಿ ಹಿಡಿಯುವುದಕ್ಕೆ ಇದೇ ಕಾರಣ ಇರಬಹುದು. ಜಿಎಲ್-5 ದರ್ಜೆಯ 90 ಆಗಿದ್ದರೆ ಸಿಂಕ್ರೊದ ಹಿತ್ತಾಳೆ ರಿಂಗುಗಳಿಗೂ ಒಳ್ಳೆಯದಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಆ ಬಾಟಲಿ ಅಡಿಟಿವ್ ಮೇಲೆ. ಈ ಯಂತ್ರ ನಿಂತಿರುವುದೇ ಕ್ಲಚ್ ಉಜ್ಜಿ ಹಿಡಿಯುವುದರ ಮೇಲೆ. ಅದಕ್ಕೆ ನುಣುಪಿನ ಮದ್ದು ಸುರಿದರೆ ಇನ್ನೇನಾಗಬೇಕು? ಹಳೇ ಕೈಪಿಡಿಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಯಾವುದನ್ನೂ ಬೆರೆಸಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ. ಅಡಿಟಿವ್ ಕ್ಲಚ್ಚಿನ ಲೈನಿಂಗಿನಲ್ಲಿ (ಉಜ್ಜಿ ಹಿಡಿಯುವ ಪದರದಲ್ಲಿ) ಇಳಿದಿದ್ದರೆ ಒಂದೇ ಸಲ ಎಣ್ಣೆ ಬದಲಿಸಿದರೆ ಸಾಲದು. ಹೊಸ ಎಣ್ಣೆ ಹಾಕಿ, ಸ್ವಲ್ಪ ಓಡಿಸಿ, ಬಿಸಿಯಿರುವಾಗಲೇ ಅದನ್ನೂ ಇಳಿಸಿ, ಮತ್ತೆ ಹೊಸದು ಹಾಕಬೇಕು. ಓವರ್‌ಡ್ರೈವ್ ಇರುವ ನಿಮ್ಮ ಗೇರ್‌ಬಾಕ್ಸಿಗೆ ಸುಮಾರು 3.4 ಲೀಟರ್ ಹಿಡಿಯುತ್ತದೆ, ಎರಡು ಸಲಕ್ಕೆ ಏಳು ಲೀಟರ್ ತಂದಿಟ್ಟುಕೊಳ್ಳಿ. ಸಾದಾ ಮಿನರಲ್ 20ಡಬ್ಲ್ಯು-50 ಸಾಕು. ಡಬ್ಬದ ಮೇಲೆ ಇಂಧನ ಉಳಿತಾಯ ಅಂತ ದೊಡ್ಡದಾಗಿ ಬರೆದ ಎಣ್ಣೆ ಬೇಡ. ಅದರಲ್ಲೂ ನುಣುಪಿನ ರಾಸಾಯನಿಕ ಇರುತ್ತದೆ.

ಎಣ್ಣೆ ಇಳಿಸುವಾಗ ಹಳೆಯದನ್ನು ಚರಂಡಿಗೆ ಬಿಡುವ ಮೊದಲು (ಬಿಡಲೂ ಬೇಡಿ, ಡಬ್ಬಕ್ಕೆ ತುಂಬಿಸಿ ಗ್ಯಾರೇಜಿಗೆ ಕೊಡಿ) ಬೆಳಕಿಗೆ ಹಿಡಿದು ನೋಡಿ. ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ನಾಲ್ಕು ತಿಂಗಳು ಮಳೆಯಲ್ಲಿ ಅಲ್ಲಾಡದೆ ನಿಂತ ಕಾರಿನಲ್ಲಿ ಇದು ಆಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆ ನಿಮಗೆ ದೂರವೇನಲ್ಲ. ಆ ಗಾಳಿಯ ತೇವ ಉಸಿರಾಡುವ ತೂತಿನಿಂದ ಒಳಗೆ ಹೋಗಿ ತಣ್ಣನೆ ಲೋಹದ ಮೇಲೆ ನೀರಾಗಿ ಕೂರುತ್ತದೆ.

ಗೇರ್‌ಬಾಕ್ಸಿನ ಡ್ರೈನ್ ಪ್ಲಗ್ ಬಿಚ್ಚಿದರೆ ಓವರ್‌ಡ್ರೈವಿನ ಎಣ್ಣೆ ಪೂರ್ತಿ ಬರುವುದಿಲ್ಲ. ಅದರ ತಳದ ಮುಚ್ಚಳವನ್ನೂ ಬಿಚ್ಚಬೇಕು. ಬಿಚ್ಚುವ ಮೊದಲು ಒಳಗಿನ ಒತ್ತಡ ಇಳಿಸಿ. ಎಂಜಿನ್ ಓಡಿಸದೆ ಇಗ್ನಿಷನ್ ಮಾತ್ರ ಆನ್ ಮಾಡಿ, ನಾಲ್ಕನೇ ಗೇರಿಗೆ ಹಾಕಿ, ಓವರ್‌ಡ್ರೈವ್ ಸ್ವಿಚ್ಚನ್ನು ಹತ್ತು-ಹನ್ನೆರಡು ಸಲ ಆನ್ ಆಫ್ ಮಾಡಿ. ಹಾಗೆ ಮಾಡದೆ ಒತ್ತಡದ ಕಡೆಯ ಪ್ಲಗ್ ಬಿಚ್ಚಿದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಇನ್ನೊಂದು ಮಾತು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ. ಮಳೆಗಾಲ ಮುಗಿದ ಮೇಲೂ ನಮ್ಮ ಅಂಗಳದ ಮಣ್ಣು ಒಳಗೆ ಮೆತ್ತಗೇ ಇರುತ್ತದೆ. ಸ್ಟ್ಯಾಂಡ್ ಇಟ್ಟು, ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ.

ಮುಚ್ಚಳ ತೆಗೆದರೆ ಜಾಲರಿ ಫಿಲ್ಟರ್ ಸಿಗುತ್ತದೆ. ಅದನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದು ಗಾಳಿ ಹೊಡೆಸಿ ಒಣಗಿಸಿ. ಕಾಟನ್ ವೇಸ್ಟಿನಿಂದ ಮಾತ್ರ ಒರೆಸಬೇಡಿ. ಅದರ ಒಂದು ಎಳೆ ಸಾಕು, ವಾಲ್ವಿನ ಸಣ್ಣ ತೂತಿನಲ್ಲಿ ಕೂತು ಓವರ್‌ಡ್ರೈವ್ ಹಿಡಿಯದ ಹಾಗೆ, ಇಲ್ಲವೇ ಬಿಡದ ಹಾಗೆ ಮಾಡುತ್ತದೆ. ಜಾಲರಿಯಲ್ಲಿ ಏನು ಸಿಕ್ಕಿತು ಅನ್ನುವುದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಹಳದಿ ಹೊಳಪಿನ ಚೂರು ಸಿಂಕ್ರೊ ರಿಂಗಿನದೋ ಬುಷ್ಷಿನದೋ. ಕಪ್ಪು ಚಕ್ಕೆ ಸಿಕ್ಕರೆ ಕ್ಲಚ್ಚಿನ ಲೈನಿಂಗ್ ಏಳುತ್ತಿದೆ. ಬೆರಳಿಗೆ ಚುಚ್ಚುವಂಥ ಉಕ್ಕಿನ ತುಂಡು ಸಿಕ್ಕರೆ ಕಾರು ಓಡಿಸುವುದನ್ನೇ ನಿಲ್ಲಿಸಿ. ಅಕ್ಕಪಕ್ಕದ ದುಂಡನೆ ಪ್ಲಗ್‌ಗಳಿಗೆ ಎರಡು ಮೊಳೆಯ ವಿಶೇಷ ಪಾನಾ ಬೇಕು. ಚಾಣ ಇಟ್ಟು ಸುತ್ತಿಗೆಯಲ್ಲಿ ಬಡಿದು ತಿರುಗಿಸಬೇಡಿ, ಹೊರಗಿನ ಕವಚ ಅಲ್ಯೂಮಿನಿಯಂ.

ಹೊಸ ಎಣ್ಣೆ ತುಂಬಿಸಿದ ಮೇಲೆ ಒಂದಷ್ಟು ದೂರ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮತ್ತೆ ಮಟ್ಟ ನೋಡಬೇಕು. ಓವರ್‌ಡ್ರೈವ್ ತನ್ನ ಪಾಲು ಕುಡಿದುಕೊಂಡ ಮೇಲೆ ಮಟ್ಟ ಇಳಿದಿರುತ್ತದೆ. ಕೆಲವು ಕಾರುಗಳಲ್ಲಿ ಕಾರ್ಪೆಟ್ ಎತ್ತಿದರೆ ರಬ್ಬರ್ ಬಿರಡೆ, ಅದರ ಕೆಳಗೆ ಡಿಪ್‌ಸ್ಟಿಕ್ ಇರುತ್ತದೆ. ಕೆಲವದರಲ್ಲಿ ಗೇರ್‌ಬಾಕ್ಸಿನ ಪಕ್ಕದ ಪ್ಲಗ್ ಬಿಚ್ಚಿ ನೋಡಬೇಕು. ಮಟ್ಟ ಕಮ್ಮಿಯಿದ್ದರೆ ತಿರುವಿನಲ್ಲಿ ಎಣ್ಣೆ ಒಂದು ಕಡೆ ಸರಿದು ಪಂಪು ಗಾಳಿ ಎಳೆಯುತ್ತದೆ, ಓವರ್‌ಡ್ರೈವ್ ಬಿಡುತ್ತದೆ. ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ತಿರುವಿನಲ್ಲಿ ಬಿಟ್ಟರೆ ಮೊದಲು ಎಣ್ಣೆ ನೋಡಿ, ಹೊಂಡದಲ್ಲಿ ಬಿಟ್ಟರೆ ಮೊದಲು ತಂತಿ ನೋಡಿ.

ಹೊಂಡದಲ್ಲಿ ಬಂದು ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಎಣ್ಣೆಯ ಒತ್ತಡ ಹೊಂಡಕ್ಕೆ ಹೆದರುವುದಿಲ್ಲ. ಹೆದರುವುದು ಸಡಿಲವಾದ ಕನೆಕ್ಷನ್. ನಿಮ್ಮ ಕಾರಿನ ವೈರಿಂಗ್ ಸುಲಭ. ಇಗ್ನಿಷನ್‌ನಿಂದ ಬಿಳಿ ತಂತಿ ಓವರ್‌ಡ್ರೈವ್ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಹಳದಿ ತಂತಿ ಕೆಳಗೆ ಇಳಿಯುತ್ತದೆ. ದಾರಿಯಲ್ಲಿ ಗೇರ್‌ಬಾಕ್ಸಿನ ಮೇಲೊಂದು ಇನ್ಹಿಬಿಟರ್ ಸ್ವಿಚ್ ಇದೆ. ಮೂರನೇ, ನಾಲ್ಕನೇ ಗೇರಿನಲ್ಲಿ ಮಾತ್ರ ಕರೆಂಟು ಹರಿಯಲು ಬಿಡುವುದು ಅದರ ಕೆಲಸ. ಇಷ್ಟೂ ತಂತಿಯನ್ನು ಜೋಡಿಸುವುದು ಬುಲೆಟ್ ಕನೆಕ್ಟರ್‌ಗಳು, ಅಂದರೆ ಗುಂಡು ತುದಿಯನ್ನು ಕೊಳವೆಗೆ ತೂರಿಸುವ ಜೋಡಣೆ. ಮಲೆನಾಡಿನಲ್ಲಿ ಐವತ್ತು ವರ್ಷ ಕಳೆದ ಕಾರಿನಲ್ಲಿ ಇವು ಹಸಿರು ಕಿಲುಬು ಹಿಡಿಯದೆ ಇರುವುದಿಲ್ಲ. ರಬ್ಬರ್ ತೋಳು ಸರಿಸಿ ಎಳೆದು ನೋಡಿ. ಕೆಲವೊಮ್ಮೆ ತಂತಿ ಕೈಗೇ ಬರುತ್ತದೆ. ಶೆಡ್ಡಿನಲ್ಲಿ ಅಡಿಕೆ, ಭತ್ತ ಏನಾದರೂ ಇಟ್ಟಿದ್ದರೆ ಇಲಿ ಕಡಿದಿದೆಯಾ ಅಂತಲೂ ನೋಡಿ.

ಮೊದಲ ಪರೀಕ್ಷೆಗೆ ಎಂಜಿನ್ ಓಡಿಸುವ ಅಗತ್ಯವಿಲ್ಲ. ಇಗ್ನಿಷನ್ ಆನ್, ನಾಲ್ಕನೇ ಗೇರ್, ಮನೆಯವರೊಬ್ಬರು ಒಳಗೆ ಕೂತು ಸ್ವಿಚ್ ಹಾಕಲಿ. ನೀವು ಕೆಳಗೆ ಕಿವಿಗೊಡಿ, ಸಾಲಿನಾಯ್ಡ್ 'ಟಿಕ್' ಅನ್ನಬೇಕು. ಅಂದರೆ ಕರೆಂಟು ಬರುತ್ತಿದೆ. ಅನ್ನದಿದ್ದರೆ ಹಳದಿ ತಂತಿಯನ್ನು ಜೋಡಣೆಯಲ್ಲಿ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರಿಗೆ ಇಟ್ಟು ಹಾಕಿ. ನಾಲ್ಕನೇ ಗೇರಿನಲ್ಲಿ ಒಂದು ಆಂಪಿಯರ್ ಆಸುಪಾಸು ತೋರಿಸಬೇಕು. ನ್ಯೂಟ್ರಲ್‌ನಲ್ಲಿ ಸೊನ್ನೆ. ರಿವರ್ಸ್‌ನಲ್ಲೂ ಸೊನ್ನೆ ಬರಲೇಬೇಕು. ಬರದಿದ್ದರೆ ಇನ್ಹಿಬಿಟರ್ ಸ್ವಿಚ್ ಒಳಗೇ ಅಂಟಿಕೊಂಡಿದೆ. ಮೇಲೆ ರಿವರ್ಸ್ ಬಗ್ಗೆ ಹೇಳಿದ ಅಪಾಯ ಆಗ ಪ್ರತಿ ಸಲ ನಿಮ್ಮ ಜೊತೆಗೇ ಇರುತ್ತದೆ. ನಾಲ್ಕನೇ ಗೇರಿನಲ್ಲೂ ಸೊನ್ನೆ ಇದ್ದು, ಗೇರ್ ಲಿವರನ್ನು ಸ್ವಲ್ಪ ಅಲ್ಲಾಡಿಸಿದಾಗ ಕರೆಂಟು ಬಂದು ಹೋಗುತ್ತಿದ್ದರೆ ಅದೇ ಸ್ವಿಚ್ಚಿನ ಹೊಂದಾಣಿಕೆ ತಪ್ಪಿದೆ. ಅದರ ಕೆಳಗಿನ ವಾಷರ್ ಒಂದು ತೆಗೆದೋ ಹಾಕಿಯೋ ಸರಿ ಮಾಡಬೇಕು. ಅಲ್ಲಿಗೆ ಕೈ ತೂರಿಸಲು ಗೇರ್‌ಬಾಕ್ಸಿನ ಹಿಂದಿನ ಅಡ್ಡಪಟ್ಟಿಯನ್ನು ಸ್ವಲ್ಪ ಇಳಿಸಬೇಕಾಗುತ್ತದೆ. ಕಿರಿಕಿರಿಯ ಕೆಲಸ, ಆದರೆ ಎಂಜಿನ್ ಎತ್ತುವುದಕ್ಕೆ ಹೋಲಿಸಿದರೆ ಏನೂ ಅಲ್ಲ. ಅದೇ ಹೊತ್ತಿಗೆ ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಕುಸಿದಿದ್ದರೆ ಅದನ್ನೂ ಬದಲಿಸಿ.

ಇನ್ನು ಬಿಸಿಯಾದ ಮೇಲೆ ಬಿಡುವ ತೊಂದರೆ. ಇದನ್ನು ಶೆಡ್ಡಿನಲ್ಲಿ ನಿಂತು ಹಿಡಿಯಲು ಆಗುವುದಿಲ್ಲ, ರಸ್ತೆಯಲ್ಲೇ ಹಿಡಿಯಬೇಕು. ಒಂದು ಚಿಕ್ಕ ಬಲ್ಬ್ ತನ್ನಿ, ಡ್ಯಾಶ್‌ಬೋರ್ಡಿಗೆ ಹಾಕುವಂಥದ್ದು. ಇನ್ಹಿಬಿಟರ್ ದಾಟಿ ಸಾಲಿನಾಯ್ಡ್‌ಗೆ ಹೋಗುವ ತಂತಿಯಿಂದ ಒಂದು ಕವಲು ತೆಗೆದು ಬಲ್ಬಿಗೆ ಕೊಡಿ, ಇನ್ನೊಂದು ತುದಿ ಕಾರಿನ ಲೋಹದ ಮೈಗೆ. ಬಲ್ಬನ್ನು ಕಣ್ಣಿಗೆ ಬೀಳುವ ಕಡೆ ಟೇಪಿನಲ್ಲಿ ಅಂಟಿಸಿ ಶಿವಮೊಗ್ಗದ ಕಡೆ ಹೊರಡಿ. ಓವರ್‌ಡ್ರೈವ್ ಬಿಟ್ಟ ಆ ಕ್ಷಣ ಬಲ್ಬ್ ನೋಡಿ. ಆರಿದ್ದರೆ ತಪ್ಪು ವೈರಿಂಗಿನದು. ಉರಿಯುತ್ತಲೇ ಇದ್ದರೆ ಕರೆಂಟು ಅಲ್ಲಿವರೆಗೆ ಬಂದಿದೆ, ತಪ್ಪು ಅದರ ಮುಂದಿದೆ. ಆಗಲೂ ಕೂಡಲೇ ಎಣ್ಣೆಯನ್ನು ದೂರಬೇಡಿ. ಬಿಸಿಯಲ್ಲಿ ಸಾಲಿನಾಯ್ಡಿನ ಕಾಯಿಲ್ ಒಳಗೇ ಕಡಿದು, ತಣ್ಣಗಾದಾಗ ಮತ್ತೆ ಕೂಡುವುದುಂಟು. ಬಿಟ್ಟ ಜಾಗದಲ್ಲೇ ಪಕ್ಕಕ್ಕೆ ನಿಲ್ಲಿಸಿ ಮೀಟರಿನಲ್ಲಿ ಆಂಪಿಯರ್ ನೋಡಿ. ಎಕ್ಸಾಸ್ಟ್ ಪೈಪು ಪಕ್ಕದಲ್ಲೇ ಇರುತ್ತದೆ, ಕೈ ಸುಟ್ಟುಕೊಳ್ಳಬೇಡಿ. ಆಂಪಿಯರ್ ಸರಿ ಇದ್ದರೆ ಮಾತ್ರ ಒತ್ತಡದ ಕಡೆ ಹೋಗಿ: ಸಾಲಿನಾಯ್ಡ್ ವಾಲ್ವಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ನೋಡುವುದು), ಪಂಪಿನ ನಾನ್-ರಿಟರ್ನ್ ವಾಲ್ವ್ (ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವುದು). ಬಿಸಿಯಲ್ಲಿ ಎಣ್ಣೆ ತೆಳ್ಳಗಾದಾಗ ಸವೆದ ಓ-ರಿಂಗ್ ಸೋರುತ್ತದೆ. ಇವೆಲ್ಲ ಗೇರ್‌ಬಾಕ್ಸ್ ಕಾರಿನಲ್ಲೇ ಇದ್ದಾಗ ಕೆಳಗಿನಿಂದ ತೆಗೆಯುವ ಸಾಮಾನು. ಪ್ರೆಷರ್ ಗೇಜ್ ಹಾಕಿ ನೋಡುವ ಅನುಕೂಲ ಇದ್ದರೆ ಇನ್ನೂ ಒಳ್ಳೆಯದು, 400ರ ಹತ್ತಿರ ಬರದಿದ್ದರೆ ಊಹೆಗೆ ಜಾಗವೇ ಇಲ್ಲ.

ಸ್ವಿಚ್ ತೆಗೆದರೂ ಬಿಡದೆ ಹಿಡಿದಿದ್ದಕ್ಕೂ ಹೆಚ್ಚಾಗಿ ಇದೇ ಜಾಗದಲ್ಲಿ ಉತ್ತರ ಇದೆ. ಕಸ ಕೂತ ವಾಲ್ವ್ ಎಣ್ಣೆಯನ್ನು ವಾಪಸ್ ಬಿಡುವುದಿಲ್ಲ. ವಾಲ್ವ್ ತೊಳೆದು ಎಣ್ಣೆ ಬದಲಿಸಿದ ಮೇಲೂ ಹಾಗೇ ಆದರೆ ಕ್ಲಚ್ಚೇ ಬ್ರೇಕ್ ರಿಂಗಿಗೆ ಅಂಟಿರಬಹುದು. ಬಹಳ ದಿನ ನಿಂತ ಕಾರಿನಲ್ಲಿ ಆಗುತ್ತದೆ. ಬ್ರೇಕ್ ರಿಂಗಿನ ಹೊರ ಅಂಚಿಗೆ ಮರದ ಸುತ್ತಿಗೆಯಲ್ಲಿ ನಾಲ್ಕು ಕಡೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣದ ಸುತ್ತಿಗೆ ಬೇಡ.

ನಿಮ್ಮ ವರ್ಷದ ಎಂಜಿಬಿಯಲ್ಲಿ ಈ ಲೈನಿಗೆ ಫ್ಯೂಸ್ ಇಲ್ಲ. ಹಳದಿ ತಂತಿ ಎಲ್ಲಾದರೂ ಕಾರಿನ ಲೋಹದ ಮೈಗೆ ತಾಗಿದರೆ ಇಗ್ನಿಷನ್ನಿನ ಬಿಳಿ ತಂತಿಯೇ ಸುಡುತ್ತದೆ, ಜೊತೆಗೆ ಪಕ್ಕದವೂ. ಹೇಗೂ ವೈರಿಂಗಿಗೆ ಕೈ ಹಾಕುತ್ತೀರಿ, ಸ್ವಿಚ್ಚಿನ ಹತ್ತಿರ 5 ಆಂಪಿಯರಿನ ಒಂದು ಫ್ಯೂಸ್ ಸೇರಿಸಿ. ಶಿವಮೊಗ್ಗದ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಆ ಟೆಸ್ಟ್ ಬಲ್ಬನ್ನೂ ಕಿತ್ತು ಎಸೆಯಬೇಡಿ, ಖಾಯಂ ಕೂರಿಸಿ. ಓವರ್‌ಡ್ರೈವ್ ಆನ್ ಇದೆ ಅನ್ನುವುದು ಮರೆತುಹೋಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಅದು ಆನ್ ಇದ್ದರೆ ಎಂಜಿನ್ ಹಿಡಿತ ಕಮ್ಮಿಯಾಗಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಘಾಟಿ ಹತ್ತುವಾಗಲೂ ಅದಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಎಂಜಿನ್ ಸಮೇತ ಎತ್ತಲೇಬೇಕಾದದ್ದು ಯಾವಾಗ? ಬಲ್ಬ್ ಉರಿಯುತ್ತಿದೆ, ಆಂಪಿಯರ್ ಸರಿ ಇದೆ, ಒತ್ತಡ ಸರಿ ಇದೆ, ಹೊಸ ಎಣ್ಣೆ ಎರಡು ಸಲ ಆಗಿದೆ. ಆದರೂ ಓವರ್‌ಡ್ರೈವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ವೇಗ ಏರದೆ ಆರ್‌ಪಿಎಂ ಮಾತ್ರ ಏರುತ್ತದೆ. ಆಗ ಕ್ಲಚ್ಚಿನ ಲೈನಿಂಗ್ ಹೋಗಿದೆ. ಇನ್ನೊಂದು ಲಕ್ಷಣ, ಓವರ್‌ಡ್ರೈವ್ ಆಫ್ ಇದ್ದಾಗ ಕಾರು ಮುಂದಕ್ಕೆ ಚೆನ್ನಾಗಿ ಹೋಗುತ್ತದೆ, ಆದರೆ ರಿವರ್ಸ್‌ನಲ್ಲಿ ಜಾರುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿಯುವುದಿಲ್ಲ. ಮುಂದಕ್ಕೆ ಹೋಗುವಾಗ ಭಾರ ಹೊರುವುದು ರೋಲರ್ ಕ್ಲಚ್. ಹಿಂದಕ್ಕೆ ಮತ್ತು ಇಳಿಜಾರಿಗೆ ಹಿಡಿಯುವುದು ಶಂಕುವಿನ ಕ್ಲಚ್ಚೇ. ಫಿಲ್ಟರಿನಲ್ಲಿ ಕಪ್ಪು ಚಕ್ಕೆಯೋ ಉಕ್ಕಿನ ತುಂಡೋ ಸಿಕ್ಕಿದ್ದರೂ ಅದೇ ದಾರಿ.

ಆ ದಿನ ಬಂದರೆ ಓವರ್‌ಡ್ರೈವ್ ಒಂದನ್ನೇ ಮಾಡಿಸಿ ವಾಪಸ್ ಕೂರಿಸಬೇಡಿ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು ನೋಡಿಸಿ. ಈ ಕಾರಿನ ರಿಲೀಸ್ ಬೇರಿಂಗ್ ಕಾರ್ಬನ್ನಿನದು, ಕ್ಲಚ್ ಮೇಲೆ ಕಾಲಿಟ್ಟು ಓಡಿಸುವವರ ಕೈಯಲ್ಲಿ ಬೇಗ ಸವೆಯುತ್ತದೆ, ಅದನ್ನು ಕಣ್ಣು ಮುಚ್ಚಿ ಬದಲಿಸಿ. ಎಂಜಿನ್ನಿನ ಹಿಂದಿನ ಆಯಿಲ್ ಸೀಲು, ಇನ್ಹಿಬಿಟರ್ ಸ್ವಿಚ್, ಗೇರ್‌ಬಾಕ್ಸ್ ಮೌಂಟಿಂಗ್ ಕೂಡ ಹೊಸದಾಗಲಿ. ಬಿಡಿಭಾಗಗಳು ಇಂಗ್ಲೆಂಡಿನಿಂದ ಬರಬೇಕು, ಆದರೆ ಎಂಜಿಬಿಗೆ ಅಲ್ಲಿ ಈಗಲೂ ಎಲ್ಲವೂ ಸಿಗುತ್ತದೆ. ಸಾಮಾನು ಕೈಗೆ ಬಂದು ಸೇರಿದ ಮೇಲೆ ಎಂಜಿನ್ ಎತ್ತಿಸಿ. ಮೊದಲೇ ಎತ್ತಿಸಿದರೆ ಅದು ಶೆಡ್ಡಿನ ಮೂಲೆಯಲ್ಲಿ ಮುಂದಿನ ಮಳೆಗಾಲದವರೆಗೂ ಕೂತಿರುತ್ತದೆ.